ಕೊಟ್ರೇಶನ ಬೂತಿಗೆ ಸಿಗದ ಸುದ್ದಿ

ಶಿಕಾರಿಪುರದ ನಮ್ಮ ಬೀದಿಯಲ್ಲಿ ಗುಟ್ಟು ಎಂಬ ಪದಾರ್ಥ ಕೊನೆಯ ಸಲ ಕಂಡದ್ದು ಕೊಟ್ರೇಶ ಎಸ್‌ಟಿಡಿ ಬೂತು ತೆರೆಯುವುದಕ್ಕೆ ಮುಂಚೆ. ಊರಿಗೆ ಡಿಜಿಟಲ್ ಎಕ್ಸ್‌ಚೇಂಜ್ ಬಂತು, ನಂಬರು ಒತ್ತಿದರೆ ಬೊಂಬಾಯಿಯವರೂ ಪಕ್ಕದ ಮನೆಯವರಂತೆ ಮಾತಾಡುತ್ತಾರೆ ಎಂದು ಗೊತ್ತಾದ ಕೂಡಲೇ ಕೊಟ್ರೇಶ ತನ್ನ ಸೈಕಲ್ ಅಂಗಡಿ ಮುಚ್ಚಿದ, ಗಾಜಿನ ಗೂಡು ಕಟ್ಟಿಸಿದ, ಹಳದಿ ಬೋರ್ಡು ನೇತುಹಾಕಿದ. ಗೂಡಿನೊಳಗೆ ಒಂದು ಫೋನು. ಹೊರಗೆ ಅವನ ಮೇಜಿನ ಮೇಲೆ ಅದೇ ಲೈನಿನ ಇನ್ನೊಂದು ಫೋನು. ಎರಡನೆಯದು ಯಾಕಪ್ಪ ಎಂದರೆ, "ಲೈನ್ ಕ್ಲಿಯರ್ ಐತೋ ಇಲ್ಲೋ ನೋಡ್ಬೇಕಲ್ರಿ" ಎನ್ನುತ್ತಿದ್ದ. ಲೈನು ಕ್ಲಿಯರ್ ಇದೆ ಎಂದು ಖಾತ್ರಿಯಾಗಲು ಅವನಿಗೆ ಸಾಮಾನ್ಯವಾಗಿ ಮಾತು ಮುಗಿಯುವವರೆಗೂ ಸಮಯ ಬೇಕಾಗುತ್ತಿತ್ತು.

ಹಾಗಂತ ಕೊಟ್ರೇಶನನ್ನು ಕೆಟ್ಟವನು ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಹೊರಗಿನಿಂದ ಬಂದ ಸುದ್ದಿಯನ್ನು ಲೂನಾ ಹತ್ತಿ ಮನೆಮನೆಗೆ ಪುಕ್ಕಟೆ ಮುಟ್ಟಿಸುತ್ತಿದ್ದ. ನೀವು ದಾವಣಗೆರೆಯ ತಂಗಿಯ ಹತ್ತಿರ ಮಂಡಿ ನೋವು ಎಂದು ಹೇಳಿಕೊಂಡರೆ, ಸಂಜೆಯೊಳಗೆ ಅವನ ಭಾವಮೈದ ನೋವಿನ ಎಣ್ಣೆಯ ಶೀಸೆ ಹಿಡಿದು ನಿಮ್ಮ ಜಗಲಿಯ ಮೇಲೆ ಕೂತಿರುತ್ತಿದ್ದ. ಟಿವಿ ಕೆಟ್ಟಿದೆ ಎಂದರೆ ನೀವು ಮನೆ ಮುಟ್ಟುವುದರೊಳಗೆ ರಿಪೇರಿಯವನು ಟಿವಿಯ ಹೊಟ್ಟೆ ಬಿಚ್ಚಿರುತ್ತಿದ್ದ. ಬೀದಿಗೆ ಇದು ಬಹಳ ಹಿಡಿಸಿತ್ತು. ಬಾಯಿಬಿಟ್ಟು ಕೇಳುವ ಕೆಲಸವೇ ಇಲ್ಲ, ಎಲ್ಲ ಮನೆ ಬಾಗಿಲಿಗೇ ಬರುತ್ತದೆ ಎಂದು ಹೆಂಗಸರು ಹೊಗಳುತ್ತಿದ್ದರು.

ಈ ಬೂತಿನ ಪ್ರಥಮ ಗಿರಾಕಿ ನಮ್ಮ ಪಾತ್ರೆ ಅಂಗಡಿ ಪರಮಶಿವಪ್ಪ. ಉದ್ಘಾಟನೆಯ ದಿನ ತೆಂಗಿನಕಾಯಿ ಒಡೆದವನೂ ಅವನೇ, "ವಿಜ್ಞಾನ ಮುಂದುವರಿದಿದೆ" ಎಂದು ಭಾಷಣ ಮಾಡಿದವನೂ ಅವನೇ. ಫೋನು ಮಾಡಲು ಹೋಗುವಾಗ ಇಸ್ತ್ರಿ ಅಂಗಿ ಹಾಕುತ್ತಿದ್ದ. ಸೊರಬದಲ್ಲಿರುವ ಮಗಳು ಗಂಗಾಶ್ರೀಯ ಹತ್ತಿರ ಅವನು ಮಾತಾಡುವ ದನಿಗೆ ತಂತಿಯ ಅಗತ್ಯ ಇತ್ತೇ ಎಂಬ ಅನುಮಾನ ನಮಗೆಲ್ಲ ಇತ್ತು.

ಆದರೆ ಹಿಂದಿನ ವರ್ಷ ಒಂದು ಸಂಗತಿ ನಡೆದಿತ್ತು. ಗಂಗಾಶ್ರೀಗೆ ದಿನ ನಿಂತಿದೆ ಎಂಬ ಸುದ್ದಿ ಬೂತಿಗೆ ಬಂತು. ಪರಮಶಿವಪ್ಪ ಗೂಡಿನಿಂದ ಹೊರಗೆ ಕಾಲಿಡುವುದರೊಳಗೆ ಕೊಟ್ರೇಶ ಪೇಡೆಯ ಪೊಟ್ಟಣ ಬಿಚ್ಚಿದ್ದ. ಅಜ್ಜಿಯಾಗುತ್ತೇನೆ ಎಂಬುದು ಪರಮಶಿವಪ್ಪನ ಹೆಂಡತಿ ರಾಜೇಶ್ವರಮ್ಮನಿಗೆ ತಿಳಿದದ್ದು ತರಕಾರಿಯವಳಿಂದ. ಮೂರು ತಿಂಗಳು ತುಂಬುವವರೆಗೂ ಆ ಗರ್ಭ ನಿಲ್ಲಲಿಲ್ಲ. ಆ ಸುದ್ದಿಯೂ ಅದೇ ಲೈನಿನಲ್ಲಿ ಬಂತು. ಗಂಗಾಶ್ರೀ ಸುಧಾರಿಸಿಕೊಳ್ಳಲು ತವರಿಗೆ ಬಂದಾಗ ಇಡೀ ಬೀದಿ ಸರದಿಯಲ್ಲಿ ಬಂದು ಕೂತಿತು. ಪರಂಗಿಹಣ್ಣು ತಿಂದಿದ್ದೆಯಾ, ಸ್ಕೂಟರ್ ಹತ್ತಿದ್ದೆಯಾ, ಯಾರದ್ದಾದರೂ ದೃಷ್ಟಿ ತಾಗಿತೇ ಎಂದು ವಿಚಾರಿಸಿತು. ಆ ಹುಡುಗಿ ಗೋಡೆಯ ಕಡೆ ಮುಖ ಮಾಡಿ ಮಲಗಿಯೇ ಇದ್ದಳು. ಪರಮಶಿವಪ್ಪ ಬಂದವರಿಗೆಲ್ಲ ಚಹಾ ಕೊಟ್ಟು ಕಳಿಸಿದ. ಆಮೇಲೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೊಳಗಗಳ ಮಧ್ಯೆ ಕೂತು ಅತ್ತ.

ಈ ವರ್ಷ ಯುಗಾದಿ ಮುಗಿಸಿ ಗಂಡ ಹೆಂಡತಿ ಸೊರಬಕ್ಕೆ ಹೋಗಿದ್ದಾಗ ಗಂಗಾಶ್ರೀ ಇಬ್ಬರನ್ನೂ ಅಡುಗೆಮನೆಗೆ ಕರೆದು ಮೆಲ್ಲಗೆ ವಿಷಯ ಹೇಳಿದಳು. ಹೇಳಿ, "ನಾನಾಗಿ ಹೇಳೋವರೆಗೂ ಯಾರಿಗೂ ಬೇಡ ಅಪ್ಪಾಜಿ. ಬಳ್ಳಿಗಾವಿ ಸೋದರತ್ತೆಗೂ ಬೇಡ" ಎಂದಳು.

"ನನ್ನ ಬಾಯಿ ಅಂದ್ರೆ ಏನಂದ್ಕೊಂಡಿ? ಬೀಗ!" ಎಂದ ಪರಮಶಿವಪ್ಪ. ಅದನ್ನು ಎಷ್ಟು ಜೋರಾಗಿ ಹೇಳಿದನೆಂದರೆ ರಾಜೇಶ್ವರಮ್ಮ ಎದ್ದು ಕಿಟಕಿ ಮುಚ್ಚಿದಳು.

ಬೀಗ ಹಾಕಿಕೊಂಡ ಬಾಯಿಯಲ್ಲಿ ಫೋನು ಮಾಡುವುದು ಹೇಗೆ? ಅದಕ್ಕೆ ಪರಮಶಿವಪ್ಪ ತನ್ನ ಕಸುಬಿನ ಪ್ರಕಾರ ಒಂದು ಗುಪ್ತಭಾಷೆ ಕಂಡುಹಿಡಿದು, ಹೊರಡುವ ಮುಂಚೆ ಮಗಳಿಗೂ ಕಲಿಸಿದ. ಮಗುವಿಗೆ ಸಣ್ಣ ತಂಬಿಗೆ ಎನ್ನಬೇಕು. ವಾಂತಿಗೆ ತಂಬಿಗೆ ಉಕ್ಕುವುದು ಎನ್ನಬೇಕು. ಮರುವಾರ ಇಸ್ತ್ರಿ ಅಂಗಿ ಹಾಕಿಕೊಂಡು ಗೂಡು ಹೊಕ್ಕು ಮಗಳ ಮನೆ ಓನರ್ ವನಜಮ್ಮನವರ ನಂಬರು ಒತ್ತಿದ. ವನಜಮ್ಮನವರ ಕಿವಿ ಮಂದ. ಆದ್ದರಿಂದ ಆ ತುದಿಯ ಫೋನಿನಷ್ಟು ಭದ್ರವಾದದ್ದು ಇಡೀ ಶಿವಮೊಗ್ಗ ಜಿಲ್ಲೆಯಲ್ಲಿ ಇರಲಿಲ್ಲ. ತೊಂದರೆ ಇದ್ದದ್ದು ಈ ತುದಿಯಲ್ಲಿ.

"ಸಣ್ಣ ತಂಬಿಗೆ ಹೆಂಗೈತಮ್ಮಾ?"

"ಚೆನ್ನಾಗೈತೆ ಅಪ್ಪಾಜಿ."

"ಬೆಳಿಗ್ಗೆ ಹೊತ್ತು ಉಕ್ಕತೈತಾ?"

"ದಿನಾ ಉಕ್ಕತ್ತೆ."

"ಏನು ಹಾಕಿದ್ರೆ ನಿಲ್ತೈತೆ?"

"ಮಾವಿನಕಾಯಿ" ಎಂದುಬಿಟ್ಟಳು ಗಂಗಾಶ್ರೀ.

ಸಂಜೆ ಅಂಬ್ಲಿಗೊಳದ ಕಡೆಯವನೊಬ್ಬ ಒಂದು ಬುಟ್ಟಿ ಮಾವಿನಕಾಯಿ ತಂದು ಪರಮಶಿವಪ್ಪನ ಜಗಲಿಯ ಮೇಲೆ ಇಳಿಸಿದ. ಕೊಟ್ರೇಶಣ್ಣ ಹೇಳಿದರು, ಯಜಮಾನರ ಮನೆಗೆ ತುರ್ತಾಗಿ ಬೇಕಂತೆ ಎಂದ. ಎದುರು ಮನೆಯ ಹೆಂಗಸರು ಮೊದಲು ಮಾವಿನಕಾಯಿ ನೋಡಿದರು. ಆಮೇಲೆ ರಾಜೇಶ್ವರಮ್ಮನ ಮುಖ ನೋಡಿದರು. ಆಮೇಲೆ ನಿಧಾನವಾಗಿ ಅವಳ ಹೊಟ್ಟೆ ನೋಡಿದರು. ಆಕೆಗೆ ಆಗಲೇ ಐವತ್ತು ದಾಟಿತ್ತು. ಆಕೆ ಈಳಿಗೆಮಣೆ ತಂದು, ಬೀದಿಯ ಎದುರಿಗೇ ಕೂತು, ಇಡೀ ಬುಟ್ಟಿಯನ್ನು ಹೆಚ್ಚಿ ಉಪ್ಪಿನಕಾಯಿ ಹಾಕಿ ತನ್ನ ಮಾನ ಕಾಪಾಡಿಕೊಂಡಳು.

ಪರಮಶಿವಪ್ಪ ಮಾತ್ರ ನಡುಗಿಹೋದ. ಇವತ್ತು ಮಾವಿನಕಾಯಿ, ನಾಳೆ ತೊಟ್ಟಿಲು ಬಂದು ಬೀಳುತ್ತದೆ ಎಂದುಕೊಂಡು ನೆಟ್ಟಗೆ ಬೂತಿಗೆ ಹೋದ.

"ಕೊಟ್ರೇಶಿ, ಇನ್ಮುಂದೆ ನಿನ್ನ ಫೋನು ನನಗೆ ಬ್ಯಾಡ. ನಿನ್ನ ಪುಕ್ಕಟೆ ಸೇವೆನೂ ಬ್ಯಾಡ."

ಕೊಟ್ರೇಶನಿಗೆ ನಿಜವಾಗಿಯೂ ನೋವಾಯಿತು. "ಯಾಕ್ರೀ ಯಜಮಾನ್ರೆ? ನಾನೇನು ಕದ್ದು ಕೇಳ್ತೀನಾ? ಎಲ್ರ ಎದುರಿಗೇ ಕೂತ್ಕೊಂಡು ಕೇಳ್ತೀನಿ. ಎಲ್ಲಾ ನಿಮ್ಮ ಒಳ್ಳೇದಕ್ಕೆ. ತಪ್ಪು ಮಾಡದೋರಿಗೆ ಮುಚ್ಚುಮರೆ ಯಾಕ್ರಿ ಬೇಕು?"

ಇದಕ್ಕೆ ತಕ್ಕ ಉತ್ತರ ಪರಮಶಿವಪ್ಪನಿಗೆ ಹೊಳೆಯಲಿಲ್ಲ. ಅವನ ಬುದ್ಧಿ ಒಳ್ಳೆಯದೇ, ಸ್ವಲ್ಪ ತಡವಾಗಿ ಬರುತ್ತದೆ ಅಷ್ಟೇ. "ಬ್ಯಾಡ ಅಂದ್ರೆ ಬ್ಯಾಡ" ಎಂದಷ್ಟೇ ಹೇಳಿ ಎದೆ ಸೆಟೆಸಿಕೊಂಡು ಹೊರಬಿದ್ದ.

ಬೇಡ ಎಂದದ್ದಾಯಿತು, ಬದಲಿಗೆ ಏನು? ಕಾಗದ ಬರೆದರೆ, ನಮ್ಮ ಪೋಸ್ಟಿನವನಿಗೆ ಕಾರ್ಡನ್ನು ಮುಂಚಿತವಾಗಿ ಓದಿ ಸಾರಾಂಶ ಹೇಳಿ ಕೊಡುವ ಸೌಜನ್ಯ ಇತ್ತು. ಅಂಟಿಸಿದ ಲಕೋಟೆಯಾದರೆ, ನೀವು ಒಡೆದು ಓದುವವರೆಗೂ ಬಾಗಿಲಲ್ಲಿ ನಿಂತು, "ಎಲ್ರೂ ಆರಾಮಂತಾ?" ಎನ್ನುತ್ತಿದ್ದ. ಬಸ್‌ಸ್ಟ್ಯಾಂಡಿನ ಹತ್ತಿರ ಇನ್ನೊಂದು ಬೂತು ಇತ್ತು. ಅದರ ಮಾಲೀಕ ಕೊಟ್ರೇಶನ ಷಡ್ಡಕ. ಸ್ವಂತ ಫೋನಿಗೆ ಅರ್ಜಿ ಹಾಕಿದರೆ ಅದು ಬರುವ ಹೊತ್ತಿಗೆ ಹುಟ್ಟುವ ಮಗು ಶಾಲೆಗೆ ಹೋಗುತ್ತಿರುತ್ತದೆ. ಬಂದರೂ, ಇಡೀ ಬೀದಿ ಬಂದು ಅದರ ಸುತ್ತ ಕೂರುತ್ತದೆ. ಎಲ್ಲ ಲೆಕ್ಕ ಹಾಕಿದ ಪರಮಶಿವಪ್ಪ ಕೊನೆಗೆ, ಯಾರೂ ಕಿವಿ ಇಟ್ಟು ಕೇಳಲಾಗದ ಸಾಧನ ಒಂದೇ, ಅದು ತನ್ನ ಕಾಲು ಎಂಬ ತೀರ್ಮಾನಕ್ಕೆ ಬಂದ. ಜಗತ್ತೆಲ್ಲ ಡಿಜಿಟಲ್ ಆಗುತ್ತಿದ್ದ ಕಾಲದಲ್ಲಿ ಅವನು ಗುರುವಾರಕ್ಕೊಮ್ಮೆ ಅಂಗಡಿಗೆ ಬೀಗ ಹಾಕಿ, ಟಿಫಿನ್ ಕ್ಯಾರಿಯರ್ ಹಿಡಿದು, ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸು ಹತ್ತತೊಡಗಿದ.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಹುಟ್ಟುತ್ತಿರಲಿಲ್ಲ. ಆದರೆ ಎಚ್ಚರಿಕೆಯ ಮನುಷ್ಯ ಒಂದು ಎಚ್ಚರಿಕೆಗೆ ನಿಲ್ಲುವುದಿಲ್ಲ. ಪಂಚಮಿ ಹಬ್ಬಕ್ಕೆ ಮಗಳು ತವರಿಗೆ ಬರದಿದ್ದರೆ ಬೀದಿ ಕೇಳುತ್ತದಲ್ಲ? ಅದಕ್ಕೆ ಪರಮಶಿವಪ್ಪ ಮುಂಚಿತವಾಗಿಯೇ ಎಲ್ಲರಿಗೂ, "ಅಳಿಯಂದ್ರು ಚಂದ್ರಶೇಖರ್ ಮೇಷ್ಟ್ರಿಗೆ ಧಾರವಾಡದಾಗೆ ಟ್ರೈನಿಂಗು. ಮಗಳೂ ಅಲ್ಲೇ ಅದಾಳೆ. ಸೊರಬದ ಮನೆ ಖಾಲಿ" ಎಂದು ಸಾರಿಬಿಟ್ಟ. ಸಾರಿದ ಮೇಲೂ ಗುರುವಾರದ ಬಸ್ಸು ತಪ್ಪಿಸಲಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಕೆಲಸವನ್ನು ಅವನು ಮಾಡಲಿಲ್ಲ. ಕೊಟ್ರೇಶ ಮಾಡಿದ.

ಮಗಳು ಧಾರವಾಡದಲ್ಲಿ. ಹೆಂಡತಿ ಶಿಕಾರಿಪುರದಲ್ಲಿ. ಹಾಗಾದರೆ ಸೊರಬದಲ್ಲಿ ಯಾರಿದ್ದಾರೆ?

ಪರಮಶಿವಪ್ಪ ಬೂತು ಬಿಟ್ಟಾಗಿನಿಂದ ಕೊಟ್ರೇಶನಿಗೆ ಊಟ ಸೇರುತ್ತಿರಲಿಲ್ಲ. ಗಿರಾಕಿ ಹೋದದ್ದಕ್ಕಲ್ಲ, ತನಗೆ ತಿಳಿಯದ ಒಂದು ವಿಷಯ ತನ್ನದೇ ಬೀದಿಯಲ್ಲಿ ಓಡಾಡುತ್ತಿದೆಯಲ್ಲ ಎಂದು. ಆಷಾಢದ ಒಂದು ಗುರುವಾರ ಬೂತು ಮುಚ್ಚಿ ಅವನೂ ಸೊರಬಕ್ಕೆ ಹೋದ. ಪರಮಶಿವಪ್ಪ ಮಲ್ಲಿಗೆ ಹೂ ಕೊಳ್ಳುವುದನ್ನು ನೋಡಿದ. ಒಂದು ಹೆಂಚಿನ ಮನೆಯ ಬಾಗಿಲು ತಟ್ಟುವುದನ್ನು ನೋಡಿದ. ಬಾಗಿಲು ಅರ್ಧ ತೆರೆದು, ಹಸಿರು ಬಳೆಯ ಒಂದು ಕೈ ಹೂವನ್ನೂ ಕ್ಯಾರಿಯರನ್ನೂ ಒಳಗೆ ತೆಗೆದುಕೊಂಡಿತು. ಬಾಗಿಲು ಮುಚ್ಚಿತು. ಮುಖ ಕಾಣಲಿಲ್ಲ. ಮುಖ ಕಾಣದಿದ್ದದ್ದು ಕೊಟ್ರೇಶನ ವರ್ಣನೆಗೆ ಬಹಳ ಅನುಕೂಲವಾಯಿತು.

ಶನಿವಾರದ ಹೊತ್ತಿಗೆ ಆ ಕೈಗೆ ಇಪ್ಪತ್ತೆಂಟರ ವಯಸ್ಸು, ಮಾರುದ್ದದ ಜಡೆ ಮತ್ತು ಹಾವೇರಿಯ ಕಡೆಯ ಮಾತು ಸೇರಿಕೊಂಡಿದ್ದವು.

ಭಾನುವಾರ ಕೊಟ್ರೇಶ, ನಮ್ಮ ಪಕ್ಕದ ಮನೆಯ ರಂಗಪ್ಪನವರನ್ನು ಮುಂದಿಟ್ಟುಕೊಂಡು ಪರಮಶಿವಪ್ಪನ ಮನೆಗೆ ಹೋದ. ರಂಗಪ್ಪನವರು ನಿವೃತ್ತ ರೆವಿನ್ಯೂ ಇನ್ಸ್‌ಪೆಕ್ಟರು. ಮನುಷ್ಯನ ಎಲ್ಲ ಕಷ್ಟಗಳೂ ಜಮೀನಿನ ಕಷ್ಟಗಳೇ ಎಂಬುದು ಅವರ ಸೇವಾನುಭವ. ನಾನೂ ಹಿಂದೆ ಹೋದೆ. ಯಾರಿಗೂ ನೋಯದಂತೆ ಮಾತಾಡುತ್ತೇನೆ ಎಂದು ಹೇಳಿ ಹೋದ ರಂಗಪ್ಪನವರು ಒಳಗೆ ಕೂತ ಕೂಡಲೇ ಶುರುಮಾಡಿದರು.

"ರಾಜೇಶ್ವರಮ್ಮ, ಮನಸ್ಸು ಗಟ್ಟಿ ಮಾಡ್ಕೊಳ್ರಿ. ಸೊರಬದಾಗೆ ಒತ್ತುವರಿ ಆಗೈತೆ."

ರಾಜೇಶ್ವರಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದೇ ತಡ ನಗು ಬಂತು. ಅಯ್ಯೋ ಅದು ಎಂದು ಬಾಯಿ ತೆಗೆದವಳು ಹಾಗೇ ನಿಂತಳು. ಅದು ಯಾರು ಎಂದು ಹೇಳಿದರೆ, ಧಾರವಾಡ ಯಾಕೆ ಎಂದು ಹೇಳಬೇಕು. ಅದನ್ನು ಹೇಳಿದರೆ ಎದುರಿಗೆ ಕೂತ ಕೊಟ್ರೇಶ ಎದ್ದು ಬೀದಿಗೆ ಓಡುತ್ತಾನೆ. ಆಕೆ ಸೆರಗನ್ನು ಕಣ್ಣಿಗೆ ಒತ್ತಿಕೊಂಡು ಅಳಲು ನೋಡಿದಳು. ಅಳು ಬರಲಿಲ್ಲ. ಸಿಟ್ಟು ಬಂತು.

"ಹೌದು ಕಣ್ರೀ! ಇಟ್ಕೊಂಡಿದಾರೆ. ಏನೀಗ? ಕ್ಯಾರಿಯರ್ ಕಟ್ಟಿ ಕೊಡೋಳೇ ನಾನು. ಅವಳಿಗೆ ಕಡುಬು ಅಂದ್ರೆ ಇಷ್ಟ, ಅದಕ್ಕೆ ತುಪ್ಪ ಬ್ಯಾರೆ ಕಳಿಸ್ತೀನಿ. ನಿಮಗೇನು ತ್ರಾಸು?"

ಅದೇ ಹೊತ್ತಿಗೆ ಪರಮಶಿವಪ್ಪ ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತ ಬಂದ.

"ಯಾರು ಯಾರನ್ನ ಇಟ್ಕೊಂಡಿದಾರೆ?"

"ನೀವು" ಎಂದಳು ಹೆಂಡತಿ. ಕಣ್ಣನ್ನು ದೋಸೆ ಹೆಂಚಿನಷ್ಟು ಅಗಲ ಮಾಡಿದಳು.

"ನಾನಾ?" ಟವೆಲು ತಲೆಯ ಮೇಲೇ ನಿಂತಿತು. ಅವನು ಹೆಂಡತಿಯನ್ನು ನೋಡಿದ, ರಂಗಪ್ಪನವರನ್ನು ನೋಡಿದ, ಕೊಟ್ರೇಶನ ಕಿವಿಯನ್ನು ನೋಡಿದ. "ಹೂಂ. ಹೌದು. ನಾನೇ."

"ಎಷ್ಟು ದಿನದಿಂದ?" ಎಂದರು ರಂಗಪ್ಪನವರು.

"ಅದನ್ನ ಅವಳೇ ಹೇಳ್ಬೇಕು" ಎಂದು ಪರಮಶಿವಪ್ಪ ಹೆಂಡತಿಯತ್ತ ಕೈ ತೋರಿಸಿದ.

ರಂಗಪ್ಪನವರು ದೀರ್ಘವಾಗಿ ಉಸಿರುಬಿಟ್ಟು ಕೆಲಸಕ್ಕೆ ಇಳಿದರು. "ಆಗಿದ್ದು ಆಗೋಯ್ತು. ಅಂಬ್ಲಿಗೊಳ ಕಡೆ ನಿಮ್ಮ ನೀರಾವರಿ ಗದ್ದೆ ಯಾರ ಖಾತೆದಾಗೈತೆ? ಈಗ್ಲೇ ಪೋಡಿ ಮಾಡ್ಸಿ ಪಾಲು ಬ್ಯಾರೆ ಮಾಡ್ಬಿಡ್ರಿ. ಗಡಿ ಚೆಕ್ಕುಬಂದಿ ಸರಿ ಇಲ್ದಿದ್ರೆ ಇಬ್ರು ಹೆಂಡ್ರ ಮಧ್ಯ ತಕರಾರು ಗ್ಯಾರಂಟಿ."

ಆಮೇಲಿನ ದಿನಗಳಲ್ಲಿ ಪಾತ್ರೆ ಅಂಗಡಿಗೆ ಪಾತ್ರೆ ಬೇಡದವರೆಲ್ಲ ಬಂದರು. ಗಂಡಸರು ಲೋಟ ತಿರುಗಿಸಿ ನೋಡುವ ನೆಪದಲ್ಲಿ ಪರಮಶಿವಪ್ಪನನ್ನು ತಿರುಗಿಸಿ ನೋಡಿದರು. ಅವನು ಯಾವ ಎಣ್ಣೆ ಹಚ್ಚುತ್ತಾನೆ ಎಂದು ಇಬ್ಬರು ನನ್ನನ್ನೇ ಗುಟ್ಟಾಗಿ ಕೇಳಿದರು. ಸುಳ್ಳು ಯಾಕೆ ಹೇಳಲಿ, ಪರಮಶಿವಪ್ಪ ಆ ದಿನಗಳಲ್ಲಿ ಮೀಸೆಗೆ ಸ್ವಲ್ಪ ಕಪ್ಪು ಹಚ್ಚಿದ್ದ.

ಆದರೆ ಮಠದ ದಾಸೋಹ ಸಮಿತಿಯವರು ಬಂದಾಗ ಅವನ ಮೀಸೆ ಇಳಿಯಿತು. ಆ ಸಮಿತಿಯ ಅಧ್ಯಕ್ಷಗಿರಿಗೆ ಅವನು ಎಷ್ಟೋ ವರ್ಷದಿಂದ ಆಸೆಪಟ್ಟಿದ್ದ. ಈ ಸಲ ಅವನ ಹೆಸರೇ ನಿಂತಿತ್ತು, ಸನ್ಮಾನದ ಶಾಲಿಗೂ ಹೇಳಿಯಾಗಿತ್ತು. ಬಂದವರು ಒಳ್ಳೆಯ ಮಾತಿನಲ್ಲೇ, "ನಮಗೆ ಇದರ ಮ್ಯಾಲೆ ನಂಬಿಕೆ ಇಲ್ರಿ. ಸುಳ್ಳು ಅಂತ ಒಂದು ಮಾತು ಹೇಳ್ರಿ, ಕುರ್ಚಿ ನಿಮ್ದೇ. ಇಲ್ಲಾಂದ್ರೆ ಹೆಸರು ತೆಗೀಬೇಕಾಗ್ತೈತೆ" ಎಂದರು.

ಒಂದೇ ಒಂದು ಮಾತು. ಪರಮಶಿವಪ್ಪ ಬಾಯಿ ತೆರೆದದ್ದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ಅವನಿಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಮಗಳು ಕಂಡಿರಬೇಕು.

"ನಿಜ ಐತ್ರಿ. ಹೆಸರು ತೆಗೀರಿ" ಎಂದ. ಅವರು ಹೋದ ಮೇಲೆ ಒಂದು ಕೊಡವನ್ನು ಬಹಳ ಹೊತ್ತು ಒರೆಸುತ್ತ ಕೂತ.

ಊರಿನ ಬಾಯನ್ನು ತಡೆದುಕೊಂಡ ಪರಮಶಿವಪ್ಪನಿಗೆ ತಡೆಯಲಾಗದ ಬಾಯಿ ಒಂದಿತ್ತು. ಅದು ಬಳ್ಳಿಗಾವಿಯಲ್ಲಿದ್ದ ಅವನ ಅಕ್ಕ ಈಶ್ವರಮ್ಮನದು. ತಾಯಿ ಇಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಸುದ್ದಿ ಮುಟ್ಟಿದ್ದೇ ನಮ್ಮ ಬೀದಿಗೆ ಬಂದು ಇಳಿದಳು. ತಮ್ಮ ಆಗಲೇ ಬೆಳಗಿನ ಬಸ್ಸಿಗೆ ಹೋಗಿದ್ದ. ಗುರುವಾರವಲ್ಲವೇ! ರಾಜೇಶ್ವರಮ್ಮ ಅಡ್ಡ ನಿಂತು, "ಹೋಗ್ಬ್ಯಾಡ್ರಿ ಅಕ್ಕಾ, ನನಗಿಲ್ಲದ ಸಂಕಟ ನಿಮಗ್ಯಾಕೆ" ಎಂದಳು.

"ನಿನಗೆ ಮದ್ದು ಹಾಕಿದಾಳೆ ಅವಳು!" ಎಂದು ಈಶ್ವರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಕೊಟ್ರೇಶಿ, ಮನೆ ತೋರ್ಸು ನಡಿ. ರಂಗಪ್ಪ, ನೀವೂ ಬರ್ರಿ ಸಾಕ್ಷಿಗೆ." ನನ್ನನ್ನು ಯಾರೂ ಕರೆಯಲಿಲ್ಲ. ಆದರೂ ಹೋದೆ.

ನಾವು ನಾಲ್ವರು ಸೊರಬದ ಆ ಹೆಂಚಿನ ಮನೆಯ ಬೀದಿಗೆ ತಿರುಗಿದಾಗ ಪರಮಶಿವಪ್ಪ ಹೊರಗಿನ ನಲ್ಲಿಯಲ್ಲಿ ಕ್ಯಾರಿಯರ್ ತೊಳೆಯುತ್ತಿದ್ದ. ನಮ್ಮನ್ನು ಕಂಡದ್ದೇ ಕ್ಯಾರಿಯರ್ ಬಿಸಾಕಿ ಓಡಿಹೋಗಿ ಬಾಗಿಲು ಎಳೆದುಕೊಂಡು, ಅದಕ್ಕೆ ಬೆನ್ನು ಕೊಟ್ಟು, ಸೋಪಿನ ನೊರೆಯ ಎರಡು ಕೈಯನ್ನೂ ಚಾಚಿ ನಿಂತ.

"ಸರಿಯೋ ಪರಮ. ಅವಳ ಜುಟ್ಟು ಹಿಡಿದು ಕೇಳ್ತೀನಿ."

"ಆಗಲ್ಲಕ್ಕ."

"ಯಾರೋ ಅವಳು?"

"ಹೇಳಲ್ಲ."

ಕೊಟ್ರೇಶ ಮುಂದೆ ಬಂದ. "ತಪ್ಪು ಮಾಡದಿದ್ರೆ ತೋರ್ಸೋಕೆ ಏನ್ರೀ ಯಜಮಾನ್ರೆ?"

ಬೂತಿನಲ್ಲಿ ಹೊಳೆಯದ ಉತ್ತರ ಪರಮಶಿವಪ್ಪನಿಗೆ ಅಷ್ಟು ತಿಂಗಳ ಮೇಲೆ ಸೊರಬದಲ್ಲಿ ಹೊಳೆಯಿತು. "ಕೊಟ್ರೇಶಿ, ನೀನು ಬಚ್ಚಲ ಬಾಗಿಲು ಹಾಕ್ಕೊಂಡು ಸ್ನಾನ ಮಾಡ್ತೀಯೋ, ತೆಗೆದಿಟ್ಟು ಮಾಡ್ತೀಯೋ?"

"ಹಾಕ್ಕೊಂಡ್ರಿ."

"ಒಳಗೆ ಯಾರ ಮನೆ ಕಳವು ಮಾಡ್ತಿರ್ತೀಯ?"

ಕೊಟ್ರೇಶ ರಂಗಪ್ಪನವರ ಮುಖ ನೋಡಿದ. ರಂಗಪ್ಪನವರು, "ಪಾಯಿಂಟ್ ಐತೆ" ಎಂದರು.

"ನನ್ನ ಬಗ್ಗೆ ಏನು ಬೇಕಾದ್ರೂ ಅಂದ್ಕೊಳ್ರಿ" ಎಂದು ಪರಮಶಿವಪ್ಪ ದನಿ ಏರಿಸಿದ. "ಎರಡನೇದಲ್ಲ, ಮೂರನೇದೂ ಇಟ್ಕೊಂಡಿದಾನೆ ಅಂತ ಡಂಗುರ ಹೊಡೀರಿ. ಸಮಿತಿ ತಗೊಂಡ್ರಿ, ಮರ್ಯಾದೆ ತಗೊಂಡ್ರಿ, ತಗೊಳ್ರಿ. ಈ ಬಾಗಿಲು ಮಾತ್ರ ತೆಗಿಯೋರು ಒಳಗಿರೋರು. ನಾನೂ ತೆಗೆಯಲ್ಲ, ನೀವೂ ತೆಗೆಯಲ್ಲ!"

ಅಷ್ಟರಲ್ಲಿ ಒಳಗಿರುವವರು ತೆಗೆದರು. ಬಾಗಿಲಿಗೆ ಆತುಕೊಂಡಿದ್ದ ಪರಮಶಿವಪ್ಪ ಕೈ ಚಾಚಿದಂತೆಯೇ ಹಿಂದಕ್ಕೆ ಬಿದ್ದು ನಡುಮನೆಯಲ್ಲಿ ಅಂಗಾತ ಆದ. ಅವನ ತಲೆಯ ಹತ್ತಿರ ಹಸಿರು ಬಳೆ ತೊಟ್ಟ ಗಂಗಾಶ್ರೀ ನಿಂತಿದ್ದಳು. ಒಂದು ಕೈ ಬಾಗಿಲ ಮೇಲೆ, ಒಂದು ಕೈ ಹೊಟ್ಟೆಯ ಮೇಲೆ.

"ಬನ್ನಿ ಅತ್ತೆ" ಎಂದಳು.

ಈಶ್ವರಮ್ಮ ಮುಖ ನೋಡಿದಳು, ಹೊಟ್ಟೆ ನೋಡಿದಳು, ಇದ್ದಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಜುಟ್ಟು ಹಿಡಿಯಲು ಬಂದ ಕೈಯಿಂದ ಬಾಯಿ ಮುಚ್ಚಿಕೊಂಡಳು. ರಂಗಪ್ಪನವರು ಯಾಕೋ ತಲೆಯ ಟೋಪಿ ತೆಗೆದರು. ಕೊಟ್ರೇಶನ ಮುಖ ಮಾತ್ರ ಅರಳಿತು. "ಅಯ್ ಗಂಗಮ್ಮಾ! ಎಂಥ ಸುದ್ದಿ! ಈಗ್ಲೇ ಹೋಗಿ ಪೇಡೆ..."

"ಕೊಟ್ರೇಶಣ್ಣ" ಎಂದಳು ಗಂಗಾಶ್ರೀ. ಅವಳಿಗೆ ಅಪ್ಪನ ದನಿ ಬಂದಿರಲಿಲ್ಲ, ಮೆಲ್ಲಗೇ ಹೇಳಿದಳು. "ಹೋದ್ಸಲನೂ ನೀವೇ ಪೇಡೆ ಹಂಚಿದ್ರಿ. ಆಮೇಲೆ ಆ ಪೇಡೆ ತಿಂದೋರೆಲ್ಲ ಬಂದು ನನ್ನ ಮುಂದೆ ಕೂತು ಅತ್ರು. ನನಗೇ ಅಳೋಕೆ ಜಾಗ ಇರ್ಲಿಲ್ಲ ಅಣ್ಣಾ."

ಕೊಟ್ರೇಶನ ಬೂತಿನ ಮೀಟರಿನಲ್ಲಿ ಲೆಕ್ಕಕ್ಕೆ ಬರದ ಮಾತು ಅದು.

ಸಂಜೆ ನಾವು ಹಿಂತಿರುಗಿದಾಗ ಇಡೀ ಬೀದಿ ಜಗಲಿಯ ಮೇಲಿತ್ತು. ಯಾರು ಅವಳು, ಹೆಂಗಿದಾಳೆ, ಜುಟ್ಟು ಸಿಕ್ಕಿತೇ ಎಂದು ಎಲ್ಲ ಕಡೆಯಿಂದ ಪ್ರಶ್ನೆ. ಕೊಟ್ರೇಶ ತಲೆ ತಗ್ಗಿಸಿದ. ನಾನು ಚಪ್ಪಲಿ ನೋಡಿಕೊಂಡೆ. ಜೀವಮಾನದಲ್ಲಿ ಒಂದು ಸುಳ್ಳೂ ಆಡದ, ಆಡಿದವರನ್ನು ಮನೆಗೆ ಸೇರಿಸದ ಈಶ್ವರಮ್ಮ ಬೀದಿಯ ಮಧ್ಯೆ ನಿಂತು ಸೊಂಟದ ಮೇಲೆ ಕೈ ಇಟ್ಟಳು.

"ನೋಡ್ಕೊಂಡು ಬಂದೆ. ಇದಾಳೆ. ಲಕ್ಷಣವಾಗಿದಾಳೆ. ನನ್ನ ತಮ್ಮ ಇಟ್ಕೊಂಡಿದಾನೆ, ಚೆನ್ನಾಗಿ ಇಟ್ಕೊಂಡಿದಾನೆ. ಇನ್ನು ಯಾರಾದ್ರೂ ಬಾಯಿ ತೆಗೆದ್ರೆ ನನ್ನ ಹತ್ರ ತೆಗೀರಿ!"

ರಂಗಪ್ಪನವರು, "ಸ್ಥಳ ಪರಿಶೀಲನೆ ಆಗೈತೆ, ತಕರಾರು ಇಲ್ಲ" ಎಂದು ಘೋಷಿಸಿದರು.

ಅಲ್ಲಿಂದ ಮುಂದಿನ ತಿಂಗಳುಗಳಲ್ಲಿ ಅತ್ಯಂತ ಹೆಚ್ಚು ನರಳಿದವನು ಕೊಟ್ರೇಶ. ಹೊಟ್ಟೆಯಲ್ಲಿ ಅಷ್ಟು ದೊಡ್ಡ ಸುದ್ದಿ ಇಟ್ಟುಕೊಂಡು ಬದುಕಿ ಅವನಿಗೆ ಅಭ್ಯಾಸವಿರಲಿಲ್ಲ. ಯಾರಾದರೂ ಸೊರಬ ಎಂದರೆ ಎದ್ದು ಹೋಗಿ ನೀರು ಕುಡಿಯುತ್ತಿದ್ದ. ಬೀದಿ ಅವನನ್ನು ಒತ್ತಾಯಿಸಿತು, ಹಂಗಿಸಿತು, ಚಹಾ ಕುಡಿಸಿತು. ಅವನು ಬಾಯಿಬಿಡಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಬೂತಿನ ಫೋನು ಹೊಡೆದುಕೊಂಡಿತು. ನಾನು ಅಲ್ಲೇ ಪೇಪರು ಓದುತ್ತಿದ್ದೆ. ಆ ತುದಿಯಲ್ಲಿ ಗಂಗಾಶ್ರೀ. ಅಪ್ಪ ಅಮ್ಮ ಇಬ್ಬರೂ ಆಸ್ಪತ್ರೆಯಲ್ಲಿ ಅವಳ ಪಕ್ಕದಲ್ಲೇ ಇದ್ದರು. ಅವಳು ಕೇಳಿದ್ದು ಕೊಟ್ರೇಶನನ್ನೇ.

"ಕೊಟ್ರೇಶಣ್ಣ, ಹೆಣ್ಣು ಮಗು. ಇಬ್ರೂ ಆರಾಮಿದೀವಿ."

ಕೊಟ್ರೇಶನ ಕಣ್ಣಿಂದ ನೀರು ತಡೆಯಿಲ್ಲದೆ ಇಳಿಯಿತು. ಎದ್ದು ನಿಂತ, ಕೂತ, ಮತ್ತೆ ಎದ್ದು ನಿಂತ. ಆಮೇಲೆ ಬೂತು ತೆರೆದಂದಿನಿಂದ ಯಾರನ್ನೂ ಕೇಳದಿದ್ದ ಪ್ರಶ್ನೆಯನ್ನು ಕೇಳಿದ.

"ತಾಯೀ, ಹೇಳ್ಲಾ?"

"ಹೇಳಿ ಅಣ್ಣ. ಎಲ್ರಿಗೂ ಹೇಳಿ. ಪೇಡೆನೂ ಹಂಚಿ. ಆದ್ರೆ ಮಗು ತೂಕ ಎಷ್ಟು ಅಂತ ಮಾತ್ರ ಯಾರಿಗೂ ಹೇಳ್ಬೇಡಿ."

"ಇಲ್ಲಮ್ಮ, ದೇವರಾಣೆ ಹೇಳಲ್ಲ" ಎಂದ ಕೊಟ್ರೇಶ. ಆಮೇಲೆ ದನಿ ತಗ್ಗಿಸಿ, ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದ. "ಎಷ್ಟೈತಮ್ಮಾ?"

"ನಿಮಗೂ ಹೇಳಲ್ಲ" ಎಂದು ಗಂಗಾಶ್ರೀ ಫೋನು ಇಟ್ಟಳು.